ಯಾರ ಮನೆ ಕಥೆ

ಯಳಂದೂರಿನ ಸಂಗೀತ ಮತ್ತು ಪರಂಪರೆ ಉತ್ಸವದಲ್ಲಿ ವೇದಿಕೆಯ ಉಸ್ತುವಾರಿಯನ್ನು ನನಗೆ ವಹಿಸಿದ್ದು ನನಗೆ ಸಂಗೀತ ಗೊತ್ತಿದೆ ಎಂದಲ್ಲ. ನಾನು ಕೊಳ್ಳೇಗಾಲದಿಂದ ದಿನಾ ಬಸ್ಸು ಹಿಡಿದು ಹನೂರಿನ ಕಡೆಯ ಒಂದು ಪ್ರೌಢಶಾಲೆಗೆ ಹೋಗಿ ವಿಜ್ಞಾನ ಪಾಠ ಮಾಡುವವನು. ರಾಗ ತಾಳಗಳ ವಿಷಯದಲ್ಲಿ ಕುರಿ. ಆದರೆ ಹೆದರಿಕೆಯಲ್ಲಿ ನನ್ನನ್ನು ಮೀರಿಸುವವರು ಮೂರು ತಾಲ್ಲೂಕಿನಲ್ಲಿ ಇಲ್ಲ ಎಂಬ ಖ್ಯಾತಿ ಇದೆ. "ಮೇಷ್ಟ್ರು ಇದ್ರೆ ನಾವೆಲ್ಲ ನೆಮ್ಮದಿಯಾಗಿ ಇರ್ಬೋದು ಕಣ್ರಿ. ಎದ್ರುಕೋಬೇಕಾದ್ದನ್ನೆಲ್ಲ ಅವರೇ ಎದ್ರುಕಂಡು ಮುಗಿಸಿರ್ತಾರೆ" ಎಂದು ಸಮಿತಿಯ ಅಧ್ಯಕ್ಷರು ಸಭೆಯಲ್ಲೇ ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಾದ ಮೇಲೆ, ಶಾಮಿಯಾನದ ಗೂಟ ಎಷ್ಟು ಆಳ ಹೂಳುತ್ತಾರೆ ಎಂದು ಕೇಳಿದೆ.

ಐವತ್ತು ದಾಟಿದ ಮೇಲೆ ಮನುಷ್ಯನ ಚಿಂತೆಗಳಿಗೆ ಒಂದು ಶಿಸ್ತು ಬರುತ್ತದೆ. ನನ್ನವು ಹಾಜರಿ ಪುಸ್ತಕದ ಹಾಗೆ, ಬೆಳಿಗ್ಗೆ ಎದ್ದ ಕೂಡಲೇ ಒಂದೊಂದಾಗಿ ಕೂಗಿದರೆ 'ಪ್ರೆಸೆಂಟ್ ಸಾ' ಅನ್ನುತ್ತವೆ. ಅವುಗಳಲ್ಲಿ ಬಹಳಷ್ಟು ನಾನೇ ಸಾಕಿಕೊಂಡವು. ಒಂದು ಮಾತ್ರ ಅವ್ವನಿಂದ ಬಂದದ್ದು.

ನನಗೆ ನಾಲ್ಕು ವರ್ಷವಿದ್ದಾಗ ಜ್ವರ ಹತ್ತಿ ದಿನಗಟ್ಟಲೆ ಇಳಿಯಲಿಲ್ಲವಂತೆ. ಡಾಕ್ಟರು ಕೈಚೆಲ್ಲುವ ಹೊತ್ತಿಗೆ ಅವ್ವ ಒಲೆಯ ಮುಂದೆ ನಿಂತು, ಕೂಸು ಉಳಿದುಕೊಂಡರೆ ಮನೆಯಲ್ಲಿ ಕಥೆ ಮಾಡಿಸುತ್ತೇನೆ ಎಂದು ಹರಕೆ ಹೊತ್ತಳು. ಕಥೆ ಮಾಡಿಸುವುದು ಎಂದರೆ ನಮ್ಮ ಕಡೆ, ದೀಕ್ಷೆ ತೆಗೆದುಕೊಂಡ ತಂಬೂರಿಯವರನ್ನು ಮನೆಗೆ ಕರೆದು, ದೀಪದ ಮುಂದೆ ಚಾಪೆ ಹಾಸಿ ಕೂರಿಸಿ, ಅವರ ದೇವರ ಕಥೆಯನ್ನು ಹಾಡಿಸುವುದು. ಮನೆಯವರಲ್ಲಿ ಯಾರ ಹೆಸರಿನಲ್ಲಿ ಹರಕೆಯೋ ಅವರು ದೀಪದ ಪಕ್ಕ ಕೂತು ಎಣ್ಣೆ ಹುಯ್ಯುತ್ತಿರಬೇಕು, ಕಥೆ ಮುಗಿಯುವ ತನಕ ಏಳಬಾರದು. ಕೂಸು ಉಳಿದುಕೊಂಡಿತು. ಅಪ್ಪ, "ಮುಂದಿನ ವರ್ಷ ಮಾಡ್ಸಾಣ" ಅಂದರು. ಆ ಮುಂದಿನ ವರ್ಷವನ್ನು ಅಪ್ಪ ತಮ್ಮ ಆಯುಸ್ಸಿಡೀ ಮುಂದಕ್ಕೆ ತಳ್ಳಿಕೊಂಡು ಹೋದರು. ಅವರು ಹೋದ ಮೇಲೆ ನಾನು ತಳ್ಳತೊಡಗಿದೆ.

ನನ್ನ ಬಳಿ ನೆಪಗಳಿಗೆ ಬರವಿರಲಿಲ್ಲ. ಪಕ್ಕದ ಮನೆಯಲ್ಲಿ ರೇಷ್ಮೆ ಮಗ್ಗಗಳು ಬೆಳಗಿನಿಂದ ಬಡಿಯುತ್ತವೆ, ಹಾಡು ಯಾರಿಗೆ ಕೇಳುತ್ತದೆ? ಹೆಂಡತಿಗೆ ಬೆನ್ನುನೋವು, ಅಷ್ಟು ಜನಕ್ಕೆ ಅಡುಗೆ ಯಾರು ಮಾಡುವವರು? ಇನ್ನೊಂದು ನೆಪ ಬಾಯಿಬಿಟ್ಟು ಹೇಳುವಂಥದ್ದಲ್ಲ. ನಾನು ಶಾಲೆಯ ವಿಜ್ಞಾನ ಸಂಘದಲ್ಲಿ ಮಕ್ಕಳಿಗೆ ಪವಾಡಗಳ ಗುಟ್ಟು ಬಿಡಿಸಿ ತೋರಿಸುವವನು. ನೀರು ಚಿಮುಕಿಸಿ ಬೆಂಕಿ ಹೊತ್ತಿಸುತ್ತೇನೆ, ನಿಂಬೆಹಣ್ಣಿನಿಂದ ರಕ್ತ ಬರಿಸುತ್ತೇನೆ, ಆಮೇಲೆ ರಾಸಾಯನಿಕದ ಹೆಸರು ಹೇಳುತ್ತೇನೆ. ಅಂಥವನು ಮಡಿ ಪಂಚೆ ಉಟ್ಟು ದೀಪಕ್ಕೆ ಎಣ್ಣೆ ಹುಯ್ಯುತ್ತ ಕೂತರೆ ಮಕ್ಕಳು ಏನನ್ನಬೇಕು?

ಅವ್ವನಿಗೆ ಈಗ ಎಂಬತ್ತರ ಮೇಲೆ. ಸಕ್ಕರೆ ಕಾಯಿಲೆ, ಮಂಡಿನೋವು, ಚುರುಕು ನಾಲಿಗೆ. ವರ್ಷಕ್ಕೆ ಎರಡು ಸಲವಾದರೂ ಹರಕೆಯ ಮಾತೆತ್ತುತ್ತಾಳೆ. ಉತ್ಸವದ ಪಟ್ಟಿ ತಯಾರಾಗುವಾಗ 'ತಂಬೂರಿ ಕಥೆ, ಇಪ್ಪತ್ತು ನಿಮಿಷ' ಎಂಬ ಸಾಲನ್ನು ಕಂಡ ನನಗೆ ಒಂದು ಉಪಾಯ ಹೊಳೆಯಿತು. ತಂಬೂರಿಯವರು ಹೇಗೂ ಬರುತ್ತಾರೆ. ದೀಪ ಹೇಗೂ ಉರಿಯುತ್ತಿರುತ್ತದೆ. ವೇದಿಕೆಯ ಉಸ್ತುವಾರಿ ನಾನೇ, ಅಂದರೆ ದೀಪದ ಆಸುಪಾಸಿನಲ್ಲೇ ಇರುತ್ತೇನೆ. ಅವ್ವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರೆ ಹರಕೆಯೂ ತೀರಿತು, ನನ್ನ ಮಾನವೂ ಉಳಿಯಿತು. ಇಂಥ ಬುದ್ಧಿ ನನಗೆ ಪಾಠ ಮಾಡುವಾಗ ಬರುವುದಿಲ್ಲ.

ತಂಬೂರಿಯವರನ್ನು ಕರೆಯಲು ಬಂಡಳ್ಳಿಯಾಚೆಯ ಹಳ್ಳಿಗೆ ನಾನೇ ಹೋದೆ. ತಂಡದ ಹಿರಿಯರು ಎಪ್ಪತ್ತರ ಆಚೀಚೆಯ ಮನುಷ್ಯ, ಜಗಲಿಯ ಮೇಲೆ ಕೂತು ಮೇಕೆಗೆ ಸೊಪ್ಪು ಕಟ್ಟುತ್ತಿದ್ದರು. ಡಕ್ಕೆ ಬಾರಿಸುವ ಅವರ ಭಾಮೈದ ಪಕ್ಕದಲ್ಲಿ ನಿಂತಿದ್ದ.

"ಕಥೆ ಯಾರ ಮನೇಲಿ ಸಾ?" ಎಂದು ಹಿರಿಯರು ಕೇಳಿದರು.

"ಯಳಂದೂರಲ್ಲಿ ಯಜಮಾನ್ರೆ. ಮೈದಾನದಲ್ಲಿ ದೊಡ್ಡ ಸ್ಟೇಜ್ ಹಾಕ್ತಾರೆ."

"ಊರು ಕೇಳ್ನಿಲ್ಲ ನಾನು. ಮನೆ ಯಾರ್ದು ಅಂದೆ."

"ಅದು... ಎಲ್ಲಾರೂ ಸೇರಿ ಮಾಡೋದು."

ಅವರು ಸೊಪ್ಪಿನ ಕಟ್ಟಿಗೆ ಗಂಟು ಹಾಕಿ ನನ್ನನ್ನೇ ನೋಡಿದರು. ಭಾಮೈದ ನಡುವೆ ಬಾಯಿ ಹಾಕಿದ. "ಬುಡು ಬಾವ, ವ್ಯಾನ್ ಕಳುಸ್ತಾರಂತೆ. ಒಂದ್ಸಲ ಓಗಿ ನೋಡ್ಕಂಡ್ ಬರಮ. ಯಾವತ್ತೂ ಮೈಕಲ್ಲಿ ಏಳ್ದೋರೇ ಅಲ್ಲ ನಾವು." ಹಿರಿಯರು ಒಪ್ಪಿದರು. ಹರಕೆಯ ವಿಷಯವನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದರೆ ಅವರು 'ಹಾಗಾದರೆ ಮನೆಗೇ ಬರುತ್ತೇವೆ' ಅಂದುಬಿಟ್ಟಾರು ಎಂಬ ಭಯ.

ಅವ್ವನಿಗೆ ಮಾತ್ರ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ಮನೇಲಲ್ವಾ?" ಅಂದಳು.

"ಮನೆಗಿಂತ ದೊಡ್ಡ ಜಾಗ ಅವ್ವ. ನೂರಾರು ಜನ ಕೇಳ್ತಾರೆ. ಪುಣ್ಯ ಜಾಸ್ತಿ."

"ಪುಣ್ಯದ ಲೆಕ್ಕ ನಿನಗೆಂಗ್ ಗೊತ್ಲಾ? ನೀನು ದೇವ್ರೇ ಇಲ್ಲ ಅನ್ನೋನು."

"ಇಲ್ಲ ಅಂದಿಲ್ಲ. ರುಜುವಾತಾಗಿಲ್ಲ ಅಂದಿದ್ದೀನಿ."

"ಸರಿ, ಇನ್ನೇನ್ ಮಾಡದು. ನೀನು ಮಾಡ್ಸೋದು ಅಷ್ಟ್ರಲ್ಲೇ ಅದ" ಎಂದು ಕಾಳನ್ನು ಮೊರಕ್ಕೆ ಹಾಕಿದಳು.

ಉತ್ಸವದ ದಿನ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಬೀರುವಿನಲ್ಲಿದ್ದ ಕೆಂಪಂಚಿನ ಸೀರೆ ಉಟ್ಟು, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಚೀಲದಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ನನ್ನ ಚೀಲದ ಚಿಂತೆಯೇ ನನಗೆ ಸಾಕಾಗಿತ್ತು. ಅದರಲ್ಲಿ ಟಾರ್ಚು, ಸೇಫ್ಟಿ ಪಿನ್ನು, ದಾರ, ಗಂಟಲಿಗೆ ಶುಂಠಿ ಮಿಠಾಯಿ, ಅವಧಿ ಮುಗಿದವರನ್ನು ಎಚ್ಚರಿಸಲು ಶಾಲೆಯಿಂದ ತಂದ ಮೇಜಿನ ಗಂಟೆ ಇದ್ದವು.

ಹಳೇ ದೇವಸ್ಥಾನದ ಬಳೆ ಮಂಟಪಕ್ಕೆ ಹೆಚ್ಚು ದೂರವಿಲ್ಲದ ಮೈದಾನ. ಮೊದಲಿಗೆ ತಮಟೆಯವರು. ಬೆಳಗಿನ ಇಬ್ಬನಿಗೆ ಚರ್ಮ ಸಡಿಲಾಗಿದೆ ಎಂದು ಅವರು ಶಾಮಿಯಾನದ ಹಿಂದೆ ಹುಲ್ಲಿನ ಬೆಂಕಿ ಹಾಕಿದರು. ನಾನು ಒಂದು ಬಕೆಟ್ ನೀರು ತಂದು ಪಕ್ಕದಲ್ಲಿ ಹಿಡಿದುಕೊಂಡು ನಿಂತೆ.

"ಸಾ, ಅದ ಆಚೆಗೆ ಇಡಿ ಸಾ" ಎಂದ ಒಬ್ಬ. "ನೀವು ನೀರ್ ಇಡ್ಕಂಡ್ ಇಂಗೆ ನಿಂತ್ರೆ ತಮಟೆಗೂ ಎದ್ರಿಕೆ ಆಯ್ತದ."

"ಶಾಮಿಯಾನಕ್ಕೆ ಕಿಡಿ ಹಾರಿದ್ರೆ?"

"ಆರಿದ್ರೆ ಆಗ ಉಯ್ರಿ. ಈಗ್ಲೇ ಯಾಕ್ ನೆನುಸ್ತೀರಿ ಮನಸ್ನ?"

ಕಿಡಿ ಹಾರಲಿಲ್ಲ. ಕಾದ ತಮಟೆಗಳ ಸದ್ದಿಗೆ ನನ್ನ ಕೈಯ ಬಕೆಟ್ಟಿನ ನೀರು ಉಂಗುರ ಉಂಗುರವಾಗಿ ನಡುಗಿತು. ಮುಂದಿನ ತಿಂಗಳ ಶಬ್ದದ ಪಾಠಕ್ಕೆ ಒಳ್ಳೆಯ ಉದಾಹರಣೆ ಎಂದುಕೊಂಡೆ. ನಾನು ಸಂಗೀತವನ್ನು ಆಸ್ವಾದಿಸುವ ಕ್ರಮ ಹೀಗೆ.

ಆಮೇಲೆ ಬಿಳಿಗಿರಿರಂಗನ ಬೆಟ್ಟದಿಂದ ಬಂದ ಸೋಲಿಗರ ತಂಡ. ಅವರ ಹಾಡು ಕುಣಿತ ಎರಡೂ ಸುತ್ತು ಕಟ್ಟಿಕೊಂಡು ನಡೆಯುವಂಥವು. ಸುತ್ತು ಕಟ್ಟಿದರೆ ಮುಖ ಒಳಗೆ, ಬೆನ್ನು ಹೊರಗೆ. ಮುಂದಿನ ಸಾಲಿನ ಗಣ್ಯರಿಗೆ ಬರೀ ಬೆನ್ನು ಕಾಣುತ್ತದೆ. ನಾನು ಹೋಗಿ, ದಯವಿಟ್ಟು ಜನರ ಕಡೆ ತಿರುಗಿ ಸಾಲಾಗಿ ನಿಲ್ಲಿ ಎಂದೆ. ಮುಂದಾಳು ಹೆಂಗಸು ಸೊಂಟದ ಮೇಲೆ ಕೈ ಇಟ್ಟು, "ಜನಕ್ಕೆ ಮುಖ ಮಾಡುದ್ರೆ ನಮ್ಮೋರ ದನಿ ನಮಗೆ ಕೇಳಾಕಿಲ್ಲ ಸಾ. ಕೇಳ್ದೆ ಎಂಗ್ ಆಡದು?" ಅಂದಳು. ಮೈಕನ್ನು ಸುತ್ತಿನ ನಡುವೆ ನೆಟ್ಟು ಬಂದೆ. ಜನ ಬೆನ್ನುಗಳನ್ನು ನೋಡುತ್ತ, ಮೈಕಿಗೆ ಮಾತ್ರ ಕಾಣುತ್ತಿದ್ದ ಮುಖಗಳ ಹಾಡನ್ನು ಕೇಳಿದರು. ಚೆನ್ನಾಗಿಯೇ ಕೇಳಿತು.

ಹನ್ನೆರಡರ ಹೊತ್ತಿಗೆ ತಂಬೂರಿಯವರ ಸರದಿ. ಹಿರಿಯರು ನಡುವೆ, ಎಡಕ್ಕೆ ಡಕ್ಕೆಯ ಭಾಮೈದ, ಬಲಕ್ಕೆ ಗಗ್ಗರ ಹಿಡಿದ ಇನ್ನೊಬ್ಬ. ಗಗ್ಗರವೆಂದರೆ ಬಳೆಯಾಕಾರದ ಕಂಚಿನ ಸಾಧನ. ಅಲ್ಲಾಡಿಸಿದರೆ ಒಳಗಿನ ಗುಂಡುಗಳು ಘಲ್ಲೆನ್ನುತ್ತವೆ. ಮುಂದಿನ ಸಾಲುಗಳು ಗಣ್ಯರಿಗೆ ಹೋಗಿದ್ದರಿಂದ ಅವ್ವ ಮೂರನೆಯ ಸಾಲಿನಲ್ಲಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ನಾನು ಉಪಾಯದಂತೆ ದೀಪದ ಪಕ್ಕದಲ್ಲಿ, ಬತ್ತಿ ಸರಿಮಾಡುವವನ ಹಾಗೆ ನಿಂತಿದ್ದೆ.

ಹಿರಿಯರು ತಂತಿ ಮೀಟಿದರು. ನಿಲ್ಲಿಸಿದರು. ಮೈಕಿನ ಹತ್ತಿರ ಬಾಗಿ ಕೇಳಿದರು:

"ಇದು ಯಾರ ಮನೆ ಕಥೆ?"

ಮೈದಾನಕ್ಕೆಲ್ಲ ಕೇಳಿತು. ನಿರೂಪಣೆ ಮಾಡುತ್ತಿದ್ದವರು ಕಾಲೇಜಿನ ಕನ್ನಡ ಉಪನ್ಯಾಸಕಿ. ಅವರು ನಗುತ್ತ, "ಇದು ನಮ್ಮೆಲ್ಲರ ಮನೆ ತಾತ, ನಾಡಿನ ಮನೆ" ಎಂದರು. ಚಪ್ಪಾಳೆ ಬಿತ್ತು.

"ಎಲ್ಲಾರ ಮನೆ ಅಂದ್ರೆ ದೀಪಕ್ಕೆ ಎಣ್ಣೆ ಉಯ್ಯೋರು ಯಾರವ್ವ?" ಎಂದರು ಹಿರಿಯರು. ತಮಾಷೆಗಲ್ಲ. ಬೆಲೆ ಕೇಳುವವರ ಹಾಗೆ ಸಾದಾ ದನಿಯಲ್ಲಿ ಕೇಳಿದರು. "ಮನೆಯೋರು ಕೂತ್ಕಂಡ್ರೆ ನಾವು ಕಥೆ ಎತ್ಕತೀವಿ."

ಉಪನ್ಯಾಸಕಿ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಪಕ್ಕದ ಅಧಿಕಾರಿಗಳನ್ನು ನೋಡಿದರು. ಅಧಿಕಾರಿಗಳು ಮೊಬೈಲ್ ನೋಡಿದರು. ಕೊನೆಗೆ ಎಲ್ಲರ ಕಣ್ಣು ವೇದಿಕೆಯ ಉಸ್ತುವಾರಿಯ ಮೇಲೆ ಬಂದು ನಿಂತಿತು. ಉಪನ್ಯಾಸಕಿ ಮೈಕನ್ನು ನನ್ನ ಕೈಗೆ ಕೊಟ್ಟರು.

ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು: ನಮ್ಮ ಮನೆದು. ಅವ್ವನ ಗದ್ದ ಸ್ವಲ್ಪ ಮೇಲಕ್ಕೆ ಎದ್ದದ್ದು ಕಾಣಿಸಿತು. ಅವಳ ಹಿಂದಿನ ಎರಡು ಸಾಲುಗಳಲ್ಲಿ ನನ್ನ ಶಾಲೆಯ ಮಕ್ಕಳು, ವಿಜ್ಞಾನ ಸಂಘದವರೇ, ನಾನೇ ಬಸ್ಸು ಮಾಡಿ ಕರೆಸಿದ್ದು. ಅವರ ಪಕ್ಕದಲ್ಲಿ ಮುಖ್ಯೋಪಾಧ್ಯಾಯರು.

"ಸಮಿತಿಯ ವತಿಯಿಂದ, ಯಜಮಾನ್ರೆ" ಎಂದೆ.

ಹಿರಿಯರು ತಲೆಯಾಡಿಸಿದರು. ಬೇಸರವೇನೂ ತೋರಿಸಲಿಲ್ಲ. ತಂಬೂರಿಯನ್ನು ಹೆಗಲಿಗೆ ಒರಗಿಸಿಕೊಂಡು ಎರಡು ಬಿಡಿ ಪದ ಹಾಡಿದರು. ದನಿ ವಯಸ್ಸಿನದು, ತುದಿಯಲ್ಲಿ ಸೀಳಿತ್ತು, ಆದರೆ ಎಳೆದಲ್ಲಿ ನಿಲ್ಲುತ್ತಿತ್ತು. ಗಗ್ಗರ ಅದರ ಬೆನ್ನಿಗೆ ಬೆನ್ನಿಗೆ ಬರುತ್ತಿತ್ತು. ಜನ ತಾಳ ಹಾಕಿದರು. ನಾನು ಗಂಟೆ ಬಾರಿಸುವುದಕ್ಕೆ ಇನ್ನೂ ಐದು ನಿಮಿಷವಿರುವಾಗಲೇ ಅವರು ತಾವಾಗಿ ನಿಲ್ಲಿಸಿ ಎದ್ದರು. ಕಾರ್ಯಕ್ರಮ ವೇಳೆಗೆ ಸರಿಯಾಗಿ ನಡೆಯುತ್ತಿದೆ ಎಂದು ಅಧ್ಯಕ್ಷರು ನನಗೆ ಹೆಬ್ಬೆರಳು ಎತ್ತಿ ತೋರಿಸಿದರು.

ಊಟದ ಹೊತ್ತಿಗೆ ಅವ್ವನನ್ನು ಹುಡುಕಿಕೊಂಡು ಹೋದೆ. ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಬಾತ್ ಹಾಕಿದ ತಟ್ಟೆಯನ್ನು ಕೊಡಹೋದೆ, ಮುಟ್ಟಲಿಲ್ಲ.

"ಹೆಂಗಿತ್ತವ್ವ?"

"ಚೆನ್ನಾಗ್ ಏಳ್ದ. ಒಳ್ಳೆ ಗಂಟ್ಲು."

"ಊಟ ಮಾಡು ಮತ್ತೆ. ಮಾತ್ರೆ ತಗೋಬೇಕು."

"ಕಥೆ ಆಗ್ಲಿ, ಉಣ್ತೀನಿ."

"ಆಯ್ತಲ್ಲ?"

ಅವಳು ನನ್ನ ಕಡೆ ತಿರುಗಿದಳು. "ಅದ್ಯಾವ್ ಕಥೆ ಕಣ್ಲಾ? ಎರಡ್ ಪದ ಏಳಿ ಎದ್ದೋದ. ಮನೆ ಯಾರ್ದು ಅಂತ ಕೇಳ್ದ, ನೀನು ಸಮಿತಿ ಅಂದೆ. ನಾನು ಹೆತ್ತಿದ್ದು ಸಮಿತೀನಾ?"

ಆಗ ನನಗೆ ಹೊಳೆಯಿತು, ಅವಳು ಹಿಂದಿನ ರಾತ್ರಿಯಿಂದಲೇ ಏನೂ ತಿಂದಿರಲಿಲ್ಲ. ಕಥೆ ಆಗುವ ತನಕ ಉಪವಾಸ. ಎಂಬತ್ತು ದಾಟಿದ ಸಕ್ಕರೆ ಕಾಯಿಲೆಯವಳು. ನನ್ನ ಚಿಂತೆಗಳೆಲ್ಲ ಒಟ್ಟಿಗೆ ಎದ್ದು ನಿಂತು ಹಾಜರಿ ಹೇಳಿದವು. ಒಂದು ಲೋಟ ಹಣ್ಣಿನ ರಸವಾದರೂ ಕುಡಿ ಎಂದೆ. ಹಾಲಾದರೂ ಕುಡಿ ಎಂದೆ. ರಕ್ತದಲ್ಲಿ ಸಕ್ಕರೆ ಇಳಿದರೆ ಏನಾಗುತ್ತದೆ ಎಂದು ಎಂಟನೇ ತರಗತಿಗೆ ಹೇಳುವ ಹಾಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಎದ್ದು, ಮಂಡಿ ಹಿಡಿದುಕೊಂಡು ನೇರವಾಗಿ ತಂಬೂರಿಯವರು ಉಣ್ಣುತ್ತಿದ್ದ ಕಡೆಗೆ ನಡೆದಳು. ಹಿರಿಯರ ಪಕ್ಕದಲ್ಲಿ ನೆಲಕ್ಕೇ ಕೂತು ಮಾತು ತೆಗೆದಳು. ನಾನು ತಟ್ಟೆ ಹಿಡಿದು ಹಿಂದೆ ಹೋದೆ. ಜ್ವರ, ಒಲೆ, ಹರಕೆ, ಅಪ್ಪ, ಮುಂದಿನ ವರ್ಷ: ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು.

ಹಿರಿಯರು ತುತ್ತು ನುಂಗಿ ನನ್ನನ್ನು ನೋಡಿದರು. "ಮೈಕು ನಿಮ್ಮ ಕೈಲೇ ಇತ್ತಲ್ಲ ಸಾ."

ಡಕ್ಕೆಯ ಭಾಮೈದ ಕಿಸಕ್ಕೆಂದ. "ಮೇಷ್ಟ್ರಲ್ವಾ ಬಾವ, ಕೇಳ್ವಿ ಕೇಳಿ ಅಭ್ಯಾಸ. ಉತ್ರ ಏಳಿ ಅಲ್ಲ."

"ನೀವು ಓಗೋ ದಾರೀಲೇ ಕೊಳ್ಳೇಗಾಲ ಸಿಕ್ತದಲ್ಲ ಸ್ವಾಮಿ" ಎಂದಳು ಅವ್ವ. "ಒಂದು ಗಳಿಗೆ ಮನೆಗೆ ಬಂದೋಗಿ."

"ನೀವು ಕರುದ್ರೆ ಆಯ್ತದ ತಾಯಿ, ತಪ್ಪೇನಿಲ್ಲ. ಆದ್ರೆ ಯಾರ ಎಸರಲ್ಲಿ ಅರಕೆಯೋ ಅವರಿಗೆ ಬಾಯಿ ಅದಲ್ಲ, ಅವರೂ ಕರೀಬೇಕು."

ಅವ್ವ ಮುಟ್ಟದ ಬಾತಿನ ತಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ನಾನು ಅದನ್ನು ಹಿಡಿದುಕೊಂಡೇ ಹೇಳಿದೆ: "ನಮ್ಮ ಮನೆಗೆ ಬಂದು ಕಥೆ ಮಾಡ್ಕೊಡಿ ಯಜಮಾನ್ರೆ." ಊಟದ ಸಾಲಿನಲ್ಲಿದ್ದ ನನ್ನ ಇಬ್ಬರು ವಿದ್ಯಾರ್ಥಿನಿಯರು ತಿರುಗಿ ನೋಡಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ಏನೆಂದು ಇವತ್ತಿನ ತನಕ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಹಿರಿಯರು ಲೆಕ್ಕ ಹಾಕಿದರು. ವ್ಯಾನಿನವನು ಕತ್ತಲಾಗುವ ಮೊದಲು ಊರು ಸೇರಬೇಕು ಅನ್ನುತ್ತಾನೆ, ಆನೆಗಳ ಕಾಟ. ಪೂರಾ ಕಥೆಗೆ ಹೊತ್ತು ಸಾಲದು. ಒಂದು ಸಾಲು ಹೇಳಬಹುದು. ಸಾಲು ಎಂದರೆ ಕಥೆಯ ಒಂದು ಭಾಗ.

"ಒಂದ್ ಸಾಲಿಗೆ ಹರಕೆ ತೀರ್ತದಾ?" ಎಂದೆ ನಾನು. ಅರ್ಧ ಕೆಲಸಕ್ಕೆ ಪೂರಾ ಅಂಕ ಸಿಗುತ್ತದೆಯೇ ಎಂದು ಕೇಳುವವರು ನಮ್ಮ ಶಾಲೆಯಲ್ಲೂ ಇದ್ದಾರೆ.

"ತೀರುಸ್ಕೊಳೋರು ನಿಮ್ಮವ್ವ. ಅವ್ರ ಕೇಳಿ."

"ತೀರ್ತದ, ಬುಡು" ಎಂದಳು ಅವ್ವ. "ಮನೇಲಿ ಆದ್ರೆ ಸಾಕು."

ಮಧ್ಯಾಹ್ನದ ಮೇಲೆ ಇನ್ನೂ ನಾಲ್ಕು ಕಾರ್ಯಕ್ರಮಗಳಿದ್ದವು. ಗಂಟೆಯನ್ನು ಉಪನ್ಯಾಸಕಿಗೆ ಒಪ್ಪಿಸಿದೆ. ವೀಣೆಗೆ ಎರಡು ಮೈಕು ಬೇಕು, ಮೂರನೇ ಟ್ಯೂಬ್‌ಲೈಟ್ ಮಿಣುಕುತ್ತಿದೆ, ಜನರೇಟರ್ ಹತ್ತಿರ ಯಾರೂ ಬೀಡಿ ಸೇದಬಾರದು ಎಂದು ಹೇಳುತ್ತ ಹೋದೆ. ಅವರು, "ಸರ್, ನೀವು ಹೋಗಿ. ಏನೂ ಆಗಲ್ಲ" ಎಂದರು. ಏನೂ ಆಗಲಿಲ್ಲವಂತೆ. ನಾನಿಲ್ಲದೆಯೂ ಎಲ್ಲ ಸರಿಯಾಗಿ ನಡೆಯಿತು ಎಂಬುದನ್ನು ಆಮೇಲೆ ಮೂವರು ನನಗೆ ಸಂತೋಷದಿಂದ ತಿಳಿಸಿದರು.

ಮೂರೂವರೆಗೆ ಕೊಳ್ಳೇಗಾಲದ ನಮ್ಮ ಬೀದಿಗೆ ವ್ಯಾನು ಬಂತು. ಫೋನು ಮಾಡಿದ್ದರಿಂದ ಹೆಂಡತಿ ನಡುಮನೆ ಒರೆಸಿ ಚಾಪೆ ಹಾಸಿದ್ದಳು. ಅವರೆಕಾಳು ಸಾರು ಒಲೆಯ ಮೇಲಿತ್ತು. "ಇಷ್ಟು ವರ್ಷ ನನ್ನ ಬೆನ್ನುನೋವಿನ ಹೆಸರಲ್ಲಿ ಮುಂದಕ್ಕೆ ಹಾಕ್ತಿದ್ರಂತೆ?" ಎಂದು ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ತಡೆದು ಕೇಳಿದಳು. ಅವ್ವ ಫೋನಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಪಕ್ಕದ ಮನೆಯವರು ವ್ಯಾನಿನಿಂದ ತಂಬೂರಿ ಇಳಿಯುವುದನ್ನು ಕಂಡದ್ದೇ ತಾವಾಗಿ ಮಗ್ಗಗಳನ್ನು ನಿಲ್ಲಿಸಿದರು. ಬೀದಿ ಒಮ್ಮೆಗೇ ಎಷ್ಟು ಸುಮ್ಮನಾಯಿತೆಂದರೆ ನನಗೆ ಕಿವಿಯೇ ಕೆಟ್ಟಿತೇನೋ ಅನ್ನಿಸಿತು. ನೇಯುವ ಇಬ್ಬರೊಂದಿಗೆ ಅವರೇ ಬಂದು ಹಜಾರದಲ್ಲಿ ಕೂತರು. "ಮೊದ್ಲೇ ಏಳ್ಬಾರ್ದಾ ಸಾ? ದಿನಾ ನಿಲ್ಸೋಕಾಗಲ್ಲ, ಒಂದಿನ ನಿಲ್ಸೋಕೇನು?" ಎಂದರು. ಅರ್ಧ ಜೀವಮಾನದ ನೆಪಗಳು ಐದು ನಿಮಿಷದಲ್ಲಿ ಖಾಲಿಯಾದವು.

ಅವ್ವ ಚೀಲ ಬಿಚ್ಚಿದಳು. ಒಳಗೆ ಒಂದು ಸೀಸೆ ಎಳ್ಳೆಣ್ಣೆ, ಬತ್ತಿ, ಎಲೆ ಅಡಿಕೆ, ಒಂದು ಸೇರು ಅಕ್ಕಿ. ಮೈದಾನದಲ್ಲಿ ಕುರ್ಚಿಯ ಮೇಲೆ ಕೂತಿದ್ದಷ್ಟು ಹೊತ್ತೂ ಅವಳು ಕಾದಿದ್ದದ್ದು ಅದನ್ನು ಬಿಚ್ಚಲು.

ಹಿರಿಯರು ಚಾಪೆಯ ಮೇಲೆ ಕೂತು ತಂತಿ ಮೀಟಿ ಕೇಳಿದರು. "ಇದು ಯಾರ ಮನೆ ಕಥೆ?"

"ನಮ್ಮ ಮನೆದು" ಎಂದೆ.

"ಯಾತಕ್ಕೆ ಮಾಡುಸ್ತಿದ್ದೀರಿ?"

ಇಲ್ಲಿ ನಾನು ತಡವರಿಸಿದೆ. ಕೇಳಿಕೊಳ್ಳುವುದಿದ್ದರೆ ನನ್ನ ಬಳಿ ಉದ್ದನೆಯ ಪಟ್ಟಿಯೇ ಇತ್ತು. ರಕ್ತದೊತ್ತಡ, ವರ್ಗಾವಣೆ, ಹಿಂದಿನ ಗೋಡೆಯ ಬಿರುಕು. ಯಾವುದರಿಂದ ಶುರು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಹಿರಿಯರೇ ಅಂದರು: "ನೀವೇನೂ ಕೇಳ್ಕಬೇಕಾದ್ದಿಲ್ಲ ಸಾ. ನಿಮ್ಮವ್ವ ಕೇಳಿದ್ದಾಗದೆ. ಕೂಸು ಉಳ್ಕಂಡ್ತು ಅಂತ ಏಳಿ, ಸಾಕು."

"ಕೂಸು ಉಳ್ಕಂಡ್ತು" ಎಂದೆ. ನನ್ನ ನರೆತ ತಲೆ ನೋಡಿ ಮಗ್ಗದವರಲ್ಲೊಬ್ಬ ನಕ್ಕು ಕೆಮ್ಮಿದ ಹಾಗೆ ಮಾಡಿದ.

ಕಥೆ ಎತ್ತಿಕೊಂಡರು. ಮೈದಾನದಲ್ಲಿ ಕೇಳಿದ ದನಿಯೇ, ಆದರೆ ನಡುಮನೆಯ ಗಾತ್ರಕ್ಕೆ ಇಳಿದಿತ್ತು. ಎದುರು ಕೂತವರಿಗೆ ಸಮಾಚಾರ ಹೇಳುವ ಹಾಗೆ. ಹಾಡಿ, ನಡುವೆ ಮಾತಿನಲ್ಲಿ ಬಿಡಿಸಿ, ಮತ್ತೆ ಹಾಡು. ಭಾಮೈದ ಪ್ರತಿ ಮಾತಿಗೂ ಹೂಂಗುಟ್ಟುತ್ತಿದ್ದ, ಸಂಶಯ ಬಂದಲ್ಲಿ 'ಅಂಗಾ?' ಎಂದು ಕೇಳುತ್ತಿದ್ದ, ಅವನ ಸಂಶಯಕ್ಕೆ ಉತ್ತರವಾಗಿ ಕಥೆ ಮುಂದೆ ಹೋಗುತ್ತಿತ್ತು. ವೇದಿಕೆಯ ಮೇಲೆ ಅವನಿಗೆ ಕೇಳಲು ಏನೂ ಇರಲಿಲ್ಲ. ನಾನು ಪಂಚೆ ಉಟ್ಟು ದೀಪದ ಪಕ್ಕ ಕಾಲು ಮಡಿಸಿ ಕೂತು, ಸೌಟಿನಿಂದ ಎಣ್ಣೆ ಹುಯ್ಯುತ್ತಿದ್ದೆ. ಅಗತ್ಯಕ್ಕಿಂತ ಹೆಚ್ಚೇ ಹುಯ್ಯುತ್ತಿದ್ದೆ ಎಂದು ಆಮೇಲೆ ಹೆಂಡತಿ ಹೇಳಿದಳು.

ಅರ್ಧ ತಾಸು ಕಳೆದಿರಬೇಕು. ಗೋಡೆಗೆ ಒರಗಿದ್ದ ಅವ್ವನ ತಲೆ ಪಕ್ಕಕ್ಕೆ ವಾಲಿತು. ಕಣ್ಣು ಮುಚ್ಚಿದ್ದವು. ಬಾಯಿ ಸ್ವಲ್ಪ ತೆರೆದಿತ್ತು.

ಏಳುವ ಹಾಗಿಲ್ಲ. ಅವಳು ನನ್ನಿಂದ ಮೂರು ಮಾರು ದೂರ. ಹೆಂಡತಿ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸೀರೆಯ ಸೆರಗು ಉಸಿರಿಗೆ ಏಳುತ್ತಿದೆಯೋ ಇಲ್ಲವೋ ಎಂದು ದೃಷ್ಟಿ ನೆಟ್ಟೆ. ದೀಪದ ಬೆಳಕು ಅಲುಗುತ್ತಿದ್ದದ್ದರಿಂದ ಎಲ್ಲವೂ ಅಲುಗುತ್ತಿದ್ದ ಹಾಗೆಯೇ ಕಂಡಿತು. ಇದನ್ನು ವೀಕ್ಷಣೆಯ ದೋಷ ಎಂದು ಪಾಠದಲ್ಲಿ ಹೇಳುತ್ತೇನೆ.

ಅಲ್ಲಿ ಕೂತಿದ್ದಾಗ ನನಗೆ ನಾನೇ ಒಪ್ಪಿಕೊಂಡ ಒಂದು ವಿಷಯವಿದೆ. ಮಗ್ಗ, ಬೆನ್ನುನೋವು, ವಿಜ್ಞಾನ ಸಂಘ ಎಲ್ಲವೂ ನಿಜವಾದ ನೆಪಗಳೇ. ಅವುಗಳ ಕೆಳಗೆ ಇನ್ನೊಂದಿತ್ತು. ಹರಕೆ ಬಾಕಿ ಇರುವ ತನಕ ಅವ್ವನಿಗೆ ಇಲ್ಲಿ ಕೆಲಸವಿದೆ. ಕೆಲಸ ಬಾಕಿ ಇಟ್ಟುಕೊಂಡು ಹೋಗುವ ಪೈಕಿ ಅವಳಲ್ಲ. ಒಂದು ಲೋಟ ತೊಳೆಯದೆ ಮಲಗಿದವಳಲ್ಲ. ರುಜುವಾತಿಲ್ಲದ್ದನ್ನು ನಂಬುವುದಿಲ್ಲ ಎನ್ನುವ ನಾನು, ಯಾವ ರುಜುವಾತೂ ಇಲ್ಲದ ಈ ಒಂದನ್ನು ಅಷ್ಟು ವರ್ಷ ನಂಬಿಕೊಂಡು ಕಥೆಯನ್ನು ಮುಂದಕ್ಕೆ ಹಾಕಿದ್ದೆ. ಈಗ ಅದನ್ನು ನನ್ನ ಕೈಯಾರೆ, ಎಣ್ಣೆ ಹುಯ್ದು ಹುಯ್ದು, ಮುಗಿಸುತ್ತ ಕೂತಿದ್ದೆ.

ಹಿರಿಯರಿಗೆ ನನ್ನ ಕಣ್ಣು ಎಲ್ಲಿದೆಯೆಂದು ಕಂಡಿರಬೇಕು. ಹಾಡಿನ ಒಂದು ಚರಣ ಮುಗಿಸಿ, ಗಗ್ಗರದವನು ಅದನ್ನು ಎತ್ತಿಕೊಳ್ಳುವ ಸಂದಿನಲ್ಲಿ, ನನ್ನ ಕಡೆ ತಲೆ ತಿರುಗಿಸದೆಯೇ ಅಂದರು: "ನಿದ್ದೆ ಕಣ್ ಸಾ. ಬತ್ತಿ ನೋಡ್ರಿ."

ಬತ್ತಿ ನೋಡಿದೆ. ನಾಲ್ಕೂವರೆಯ ಸುಮಾರಿಗೆ ಸಾಲು ಮುಗಿಯಿತು. ಡಕ್ಕೆ ನಿಂತದ್ದೇ ಅವ್ವ ಕಣ್ಣು ಬಿಟ್ಟಳು. ಸದ್ದಿನಲ್ಲಿ ಮಲಗಿದ್ದವಳಿಗೆ ನಿಶ್ಶಬ್ದಕ್ಕೆ ಎಚ್ಚರವಾಯಿತು. ಹಿರಿಯರು ಅವಳ ಹಣೆಗೂ ನನ್ನ ಹಣೆಗೂ ಧೂಳ್ತ, ಎಂದರೆ ಅವರ ಮಠದ ಕಪ್ಪು ಬೂದಿ, ಹಚ್ಚಿದರು. "ಆಯ್ತಾ ತಾಯಿ?" ಎಂದರು. "ಆಯ್ತು ಸ್ವಾಮಿ" ಎಂದಳು ಅವ್ವ. ಮುದ್ದೆ, ಅವರೆಕಾಳು ಸಾರು ಎಲ್ಲರಿಗೂ ಆಯಿತು. ಅವ್ವ ಒಂದೂವರೆ ಮುದ್ದೆ ಉಂಡಳು. ಮಾತ್ರೆಯನ್ನು ಕೇಳಿ ತೆಗೆದುಕೊಂಡಳು. ವ್ಯಾನು ಹೊರಟಿತು, ಬಂಡಳ್ಳಿ ದಾಟಿದ ಕೂಡಲೇ ಫೋನ್ ಮಾಡಿ ಎಂದು ಭಾಮೈದನಿಗೆ ಹೇಳಿದ್ದೆ. ಅವನು ಮಾಡಿದ. "ಆನೆ ಇಲ್ಲ ಸಾ, ಮನಿಕ್ಕಳ್ರಿ" ಎಂದ.

ಮಾರನೆಯ ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಪಕ್ಕದ ಮನೆಯ ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ. ಅವ್ವನ ಕೋಣೆಯ ಬಾಗಿಲು ಸರಿಸಿ ಒಳಗೆ ಹೋಗಿ, ಮಂಚದ ಹತ್ತಿರ ಬಗ್ಗಿ, ಹೊದಿಕೆ ಅಲುಗುತ್ತಿದೆಯೇ ಎಂದು ನೋಡಿದೆ. ಕಾಣಲಿಲ್ಲ. ಇನ್ನಷ್ಟು ಬಗ್ಗಿದೆ.

"ಏನ್ಲಾ ಅದು, ಕಳ್ಳನಂಗೆ?" ಎಂದಳು, ಕಣ್ಣು ಬಿಡದೆ.

"ಏನಿಲ್ಲವ್ವ."

"ಬದುಕಿವ್ನಿ. ಓಗು, ಹಾಲು ತಕಂಡ್ ಬಾ."

ಹಾಲಿನವನು ಬರುವುದಕ್ಕೆ ಇನ್ನೂ ಒಂದು ತಾಸಿತ್ತು. ನಾನು ಪಾತ್ರೆ ಹಿಡಿದು ಬೀದಿಗೆ ಬಂದು ನಿಂತೆ.